ಒಂದು ಡಜನ್ ಕಬ್ಜಾ

ಬಾಗಿಲಿಗೂ ಚೌಕಟ್ಟಿಗೂ ನಡುವೆ ಕೂಡಿಸುವ ಆ ಎರಡು ರೆಕ್ಕೆಯ ಸಾಮಾನಿಗೆ ನಮ್ಮ ಕಲಬುರ್ಗಿ ಕಡೆ ಬಿಜಾಗ್ರಿ ಅಂತೀವಿ. ಬೆಂಗಳೂರಿನವರು ಹಿಂಜಸ್ ಅಂತಾರೆ. ಹೈದರಾಬಾದಿನಲ್ಲಿ ಅದರ ಹೆಸರು ಕಬ್ಜಾ. ಪರರ ಜಾಗ ನುಂಗಿ ಕೂತುಕೊಳ್ಳುವುದಕ್ಕೂ ಈ ಊರಲ್ಲಿ ಅದೇ ಮಾತು. ಹೀಗಾಗಿ ನಮ್ಮ ಭಾವ ಬೇಗಂ ಬಜಾರಿನ ಅಂಗಡಿ ಮೆಟ್ಟಿಲು ಹತ್ತಿ, ಮಂಚ ಅಗಲ ಮಾಡಬೇಕು, ಕಬ್ಜಾ ಬೇಕು ಅಂದಾಗ ನನಗೆ ನಗು ತಡೆಯಲಿಲ್ಲ. ನಲವತ್ತು ವರ್ಷದಿಂದ ಅಕ್ಕನ ಅರ್ಧ ಮಂಚ ಕಬ್ಜಾ ಮಾಡಿಕೊಂಡು ಮಲಗಿದ ಮನುಷ್ಯ. ಕೆರೆ ಕಬ್ಜಾ ತೆರವು ಮಾಡಿಸಲಿಕ್ಕೆ 2024ರಲ್ಲಿ ಸರಕಾರ ಹೈಡ್ರಾ ಅಂತ ಒಂದು ಸಂಸ್ಥೆ ಕಟ್ಟಿತು. ಮಂಚಕ್ಕೆ ಅಂಥದ್ದು ಇಲ್ಲ, ಅಕ್ಕ ಒಬ್ಬಳೇ.

ಮಂಚ ಅಂದರೆ ಮನೆಯದ್ದಲ್ಲ, ವ್ಯಾನಿನದ್ದು. ಭಾವನ ಹತ್ತಿರ 1998ರ ಒಂದು ಮಾರುತಿ ಓಮ್ನಿ ಅದ. ಜರ್ಮನಿಯಲ್ಲಿ 1950ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನು ಬಂತು, ಮರುವರ್ಷವೇ ವೆಸ್ಟ್‌ಫಾಲಿಯಾ ಅನ್ನೋ ಕಂಪನಿ ಅದರೊಳಗೆ ಹಗಲು ಸೋಫಾ, ರಾತ್ರಿ ಹಾಸಿಗೆ ಆಗುವ ಪೆಟ್ಟಿಗೆ ಕೂಡಿಸಿತು. ಇಷ್ಟನ್ನು ಭಾವ ಫೋನಿನಲ್ಲಿ ನೋಡಿದರು. ನಿವೃತ್ತರಾದವರ ಕೈಗೆ ಫೋನು ಕೊಡಬಾರದು. ಮರುದಿನದಿಂದ ಓಮ್ನಿಗೆ 'ನಮ್ಮ ವಿಂಟೇಜ್ ಕ್ಯಾಂಪರ್' ಅಂತ ನಾಮಕರಣ.

"ಭಾವ, 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಬೇಕಾದ್ರ ಐವತ್ತು ವರ್ಷ ದಾಟಿರಬೇಕು. ನಿಮ್ಮ ಮನ್ಯಾಗ ಆ ವಯಸ್ಸು ದಾಟಿದವರು ನೀವೊಬ್ಬರು ಮತ್ತ ನಮ್ಮಕ್ಕ" ಅಂದೆ.

"ಹಂಗಾದ್ರ ನನಗೇ ನೋಂದಣಿ ಮಾಡಸು."

"ಆಗಂಗಿಲ್ರಿ. ಬಾಡಿ, ಎಂಜಿನ್ ಯಾವುದೂ ಭಾಳ ರಿಪೇರಿ ಆಗಿರಬಾರದು ಅಂತದ. ನಿಮ್ಮವು ಎರಡೂ ಮೊಣಕಾಲು ಬದಲಾಗ್ಯಾವ, ಹೃದಯದಾಗ ಸ್ಟೆಂಟ್ ಅದ."

ಓಮ್ನಿಯ ಹೊರಗಿನ ಅಗಲ 1410 ಮಿಲಿಮೀಟರ್. ನಾಲ್ಕಡಿ ಏಳೂವರೆ ಇಂಚು. ಎರಡೂ ಕಡೆ ತಗಡು, ಬಾಗಿಲ ದಪ್ಪ ಕಳೆದರೆ ಒಳಗೆ ಉಳಿಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿರಿ. ಅದರಲ್ಲಿ ಒಂದು ಬದಿಗೆ ಸ್ಟೋವು, ಅಕ್ಕಿ ಡಬ್ಬಿ, ಅಕ್ಕನ ಉಪ್ಪಿನಕಾಯಿ ಜಾಡಿಗೆ ಕಪಾಟು. ಇನ್ನೊಂದು ಬದಿಗೆ ಎರಡೂವರೆ ಅಡಿ ಅಗಲದ ಮಡಚುವ ಹಲಗೆ. ಹೋದ ದೀಪಾವಳಿಗೆ ಬೀದರಿಗೆ ಹೋದವರು ಅದರ ಮೇಲೆ ಒಂದೇ ರಾತ್ರಿ ಮಲಗಿದ್ದು. ಬೆಳಿಗ್ಗೆ ಅಕ್ಕ ಫೋನು ಮಾಡಿ, "ನಿಮ್ಮ ಭಾವಗ ಮಂಚ ಅದ, ನನಗ ಕಪಾಟಿನ ಹಿಡಿಕಿ ಅದ" ಅಂದಳು. ಆ ಹಿಡಿಕೆ ಆಕೆಯ ಬೆನ್ನಲ್ಲಿ ಮೂರು ದಿನ ಅಚ್ಚಾಗಿತ್ತಂತೆ.

ಮಂಚ ಅಗಲ ಮಾಡಲಿಕ್ಕೆ ಎರಡು ದಾರಿ. ಕಾಚಿಗುಡದ ನಮ್ಮ ಮಿಸ್ತ್ರಿ ಹೇಳಿದ್ದು ಬಾಚಣಿಗೆ ದಾರಿ. ಎರಡು ಚೌಕಟ್ಟು, ಎರಡಕ್ಕೂ ಪಟ್ಟಿ ಹಲ್ಲು. ಇದರ ಸಂದಿನಲ್ಲಿ ಅದರ ಹಲ್ಲು. ಹಗಲು ಒಳಗೆ ತಳ್ಳಿದರೆ ಒಂದೇ ಬೆಂಚು. ರಾತ್ರಿ ಎಳೆದರೆ ಹಲ್ಲು ಬಿಚ್ಚಿಕೊಂಡು ಅಗಲ ಆಗ್ತದ. ಒಂದು ಹಿಡಿಯಷ್ಟು ಹಲ್ಲು ಒಂದರೊಳಗೊಂದು ಉಳಿಯುವಂತೆ ಎಳೆಯಬೇಕು, ಇಲ್ಲವಾದರೆ ನಡುವೆ ಜೋಲಿ. ಇದಕ್ಕೆ ಬಿಜಾಗ್ರಿ ಬೇಕಿಲ್ಲ. ಎರಡನೇದು ರೆಕ್ಕೆ ದಾರಿ. ಮಂಚದ ಅಂಚಿಗೆ ಒಂದೂಕಾಲು ಅಡಿಯ ಹಲಗೆಯನ್ನು ಬಿಜಾಗ್ರಿಯಿಂದ ತೂಗುಬಿಟ್ಟು, ರಾತ್ರಿ ಎತ್ತಿ ಕೆಳಗೆ ಕಾಲು ಕೊಡುವುದು.

ಯಾವ ಬುದ್ಧಿವಂತನಾದರೂ ಮೊದಲನೇದಕ್ಕೆ ಹೂಂ ಅಂತಿದ್ದ. ಭಾವ ಎರಡನೇದನ್ನು ಹಿಡಿದರು. ಕಾರಣ ಇಷ್ಟೇ: ಮೊದಲನೇದಕ್ಕೆ ಒಪ್ಪಿದರೆ ಬೇಗಂ ಬಜಾರಿಗೆ ಹೋಗಲಿಕ್ಕೆ ನೆಪ ಇರಲಿಲ್ಲ.

ನಿಜಾಮ್ ಅಲಿ ಖಾನನ ಹೆಂಡತಿ ಹುಮ್ದಾ ಬೇಗಂ ವ್ಯಾಪಾರಸ್ಥರಿಗೆ ಕೊಟ್ಟ ಜಾಗ ಅದು ಅನ್ನೋ ಮಾತದೆ. ಬೇಗಂ ಎಷ್ಟು ಧಾರಾಳವಾಗಿ ಕೊಟ್ಟಿರಲಿ, ಈಗ ಅಲ್ಲಿ ಇಬ್ಬರು ಎದುರು ಬದುರು ಬಂದರೆ ಒಬ್ಬರು ಪಾತ್ರೆ ಅಂಗಡಿಯೊಳಗೆ ಸರಿಯಬೇಕು. ಪಕ್ಕದ ಫೀಲ್‌ಖಾನಾ ಅಂದರೆ ಆನೆ ಲಾಯ. ಆ ಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸಿ ತೋರಿಸಿದವರಿಗೆ ನಾನು ಶಾಲು ಹೊದಿಸ್ತೀನಿ. ಹಮಾಲಿಯ ಬೆನ್ನ ಮೇಲಿನ ಮೂಟೆಯ ಹಿಂದೆ ಹಿಂದೆ ನಡೆದು ಅಂಗಡಿ ಮುಟ್ಟಿದೆವು.

"ಕಿತ್ತೆ ಹೋನಾ ಚಾಚಾ?"

"ತೀನ್."

"ತೀನ್ ಡಬ್ಬೆ?"

ಭಾವ ಮೂರು ಬೆರಳು ಎತ್ತಿ, ಬರೇ ಮೂರು ಅಂದರು. ಅಂಗಡಿಯವ ನಮ್ಮನ್ನೇ ನೋಡಿದ. ಮದುವೆ ಊಟಕ್ಕೆ ಹೋಗಿ ಒಂದು ಅಗುಳು ಬಡಿಸು ಅಂದವರನ್ನು ನೋಡುತ್ತಾರಲ್ಲ, ಹಾಗೆ. ಅಲ್ಲಿ ಎಣಿಕೆ ಶುರುವಾಗುವುದೇ ಡಜನ್ನಿನಿಂದ. ಬಿಡಿಯಾಗಿ ಕೊಡು ಅನ್ನೋದು ಅಪಮಾನ. ಭಾವನಿಗೆ ಸೋಲಲು ಮನಸ್ಸಿಲ್ಲ. ಡಬ್ಬಿ ಬಿಚ್ಚಿಸಿ, ಒಂದೊಂದನ್ನೂ ತೆಗೆದು ಕಿವಿ ಹತ್ತಿರ ಹಿಡಿದು ಮಡಚಿ ತೆರೆದು ಸದ್ದು ಕೇಳಿದರು. ಹನ್ನೆರಡೂ ಕಿರಗುಟ್ಟಲಿಲ್ಲ. ಹನ್ನೆರಡೂ ಕೊಂಡರು. ಉಳಿಕೆ ಒಂಬತ್ತು ಯಾಕೆ ಅಂತ ಕೇಳಿದರೆ, "ಹೋಲ್‌ಸೇಲ್ ರೇಟ್ ಬಿತ್ತಲ್ಲ" ಅಂದರು.

ಮಿಸ್ತ್ರಿ ಮುಖ ಸಿಂಡರಿಸಿಕೊಂಡೇ ರೆಕ್ಕೆ ಕೂಡಿಸಿದ. ಕೆಲಸ ಮಾತ್ರ ಅಚ್ಚುಕಟ್ಟು. ಬಿಜಾಗ್ರಿಯ ದಪ್ಪದಷ್ಟೇ ಉಳಿಯಿಂದ ಹಲಗೆ ಕೊರೆದು, ಕೈಯಾಡಿಸಿದರೆ ಉಬ್ಬು ಸಿಗದ ಹಾಗೆ ಕೂಡಿಸಿ, ಮೊಳೆಯ ತಲೆಯನ್ನೂ ಒಳಗಿಳಿಸಿದ. ಒಂದು ಕಾಳಷ್ಟು ಎದ್ದರೂ ರಾತ್ರಿ ಬೆನ್ನು ಲೆಕ್ಕ ಕೇಳುತ್ತದಂತೆ. ಹಗಲು ಒರಗುವ ದಿಂಬೇ ರಾತ್ರಿ ರೆಕ್ಕೆಯ ಮೇಲಿನ ಹಾಸಿಗೆ. ಮಂಚವನ್ನು ವ್ಯಾನಿಗೆ ಬೋಲ್ಟು ಹಾಕಬೇಡ ಅಂತ ಭಾವನ ಕಟ್ಟಪ್ಪಣೆ. ಕಂಪನಿ ಮಾಡಿಕೊಟ್ಟ ರೂಪವನ್ನು ಬದಲಿಸಬಾರದು ಅಂತ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ, ಆದ್ದರಿಂದ ಇದು ಮಂಚ ಅಲ್ಲ, ಲಗೇಜು, ಅಂತ ಅವರ ವಾದ. ಆರ್‌ಟಿಓ ಸಾಹೇಬರು ತಡೆದರೆ ಅಕ್ಕ ಅದರ ಮೇಲೆ ಮಲಗಿರಬಾರದು, ಅಷ್ಟೇ.

ರೆಕ್ಕೆ ಎತ್ತಿದಾಗ ಎರಡು ಸಂಗತಿ ಗೊತ್ತಾದವು. ಒಂದು, ಕಪಾಟಿನ ಬಾಗಿಲು ತೆರೆಯುವುದಿಲ್ಲ. ಉಪ್ಪಿನಕಾಯಿ ಬೇಕಾದವರು ಸಂಜೆಯೇ ತೆಗೆದಿಟ್ಟುಕೊಳ್ಳಬೇಕು. ಎರಡು, ಜಾರುಬಾಗಿಲಿಗೆ ರೆಕ್ಕೆ ಅಡ್ಡ. ರಾತ್ರಿ ಒಬ್ಬರು ಹೊರಗೆ ಹೋಗಬೇಕಾದರೆ ಇನ್ನೊಬ್ಬರು ಎದ್ದು, ದಿಂಬು ತೆಗೆದು, ಕಾಲು ಮಡಚಿ, ಮಂಚವನ್ನೇ ಮಡಚಬೇಕು. ಭಾವನಿಗೆ ಸಕ್ಕರೆ ಕಾಯಿಲೆ. ರಾತ್ರಿ ಮೂರು ಸಲ ಕಡ್ಡಾಯ.

ಬಸವಕಲ್ಯಾಣಕ್ಕೆ ಹೊರಟಾಗ ನಾನೂ ಜೊತೆಗಿದ್ದೆ. ಕತ್ತಲಾದ ಮೇಲೆ ಅಕ್ಕ ರೆಕ್ಕೆ ಎತ್ತಿಸಿ, ಚಾದರ ಹಾಸಿ, ಮೊಮ್ಮಗಳನ್ನು ಪಕ್ಕಕ್ಕೆ ಮಲಗಿಸಿಕೊಂಡು, ಆ ಮೂರು ಮುಕ್ಕಾಲು ಅಡಿಯ ಅಗಲವನ್ನೆಲ್ಲ ಕೈಕಾಲು ಚೆಲ್ಲಿ ಅಳೆದಳು.

"ನಾ ಎಲ್ಲಿ ಮಲಗಲಿ?" ಅಂದರು ಭಾವ.

"ನಿಮಗ ರಾತ್ರಿ ಏಳಬೇಕಾಗ್ತದಲ್ಲ, ಮುಂದಿನ ಸೀಟೇ ಚಲೋ. ಬಾಗಿಲಾ ಹತ್ರ ಅದ."

ಓಮ್ನಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಇನ್ನೂರು ಕಿಲೋಮೀಟರ್ ಹತ್ತಿರ ಓಡಿ ಬಂದ ಗಾಡಿ. ಹಂಚಿನ ಮೇಲಿನ ರೊಟ್ಟಿಯ ಹಾಗೆ ಭಾವ ಆ ಮಗ್ಗುಲು ಈ ಮಗ್ಗುಲು ಹೊರಳಿದರು. ನಾನು ಹೊರಗೆ ಚಾಪೆಯ ಮೇಲೆ ಸೊಳ್ಳೆ ಹೊಡೆಯುತ್ತಿದ್ದೆ. ಹನ್ನೊಂದು ಗಂಟೆಗೆ ಕಿಟಕಿ ಗಾಜು ಇಳಿಯಿತು.

"ಎಚ್ಚರ ಇದ್ದೀಯೇನೋ? ಸೋಮವಾರ ಮತ್ತ ಮಿಸ್ತ್ರಿ ಕಡೆ ಹೋಗೋಣು. ಮ್ಯಾಲೆ, ತಾರಸಿ ಕೆಳಗ ಒಂದೂವರೆ ಅಡಿ ಜಾಗ ಖಾಲಿ ಬಿದ್ದದ. ಕಬ್ಜಾ ಹೆಂಗೂ ಒಂಬತ್ತು ಉಳಿದಾವ."