ನೂರಾರು ಹಡಗು, ಒಂದು ತೆಂಗಿನಕಾಯಿ

ಬಾದಾಮಿ ಸೀಮೆಯಲ್ಲಿ ಹುಟ್ಟಿದವನಿಗೆ ನೀರು ಅಂದರೆ ಅಗಸ್ತ್ಯತೀರ್ಥ, ಅದು ಬಿಟ್ಟರೆ ಮಲಪ್ರಭೆ. ಬೇಸಿಗೆಯಲ್ಲಿ ಹೊಳೆ ದಾಟಲು ದೋಣಿ ಬೇಕಿಲ್ಲ, ಧೋತರ ಮೊಣಕಾಲಿಗೆ ಎತ್ತಿದರೆ ಆಯಿತು. ಅಂಥ ನೆಲದ ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣದ ಮೇಲೆ ನೂರಾರು ಹಡಗುಗಳಲ್ಲಿ ದಂಡೆತ್ತಿ ಹೋದನೆಂದು ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬರೆದಿಟ್ಟಿದ್ದಾನೆ. ಆ ಹಡಗುಗಳು ಅವನ ಕಣ್ಣಿಗೆ ಮದ್ದಾನೆಗಳ ಹಿಂಡಿನಂತೆ ಕಂಡವಂತೆ. ಪುರಿ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಜಗಳವಿದೆ. ಮುಂಬಯಿ ಎದುರಿನ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪವೇ ಎಂದು ಕೆಲವರು, ಅಲ್ಲ ಎಂದು ಇನ್ನು ಕೆಲವರು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಮಾತ್ರ ಈ ಜಗಳ ಎಂದೋ ತೀರಿದೆ. ಗಣಪತಿ ಹಬ್ಬದಲ್ಲಿ ನೆರೆಯವರು ಶಿವಾಜಿ ಮಹಾರಾಜರ ನೌಕಾದಳದ ಮಾತೆತ್ತಿದರೆ ಸಾಕು, ನಾನು ಎದ್ದು ನಿಂತು, "ಅದಕ್ಕೂ ಸಾವಿರ ವರ್ಷ ಮೊದಲು ನಮ್ಮ ಕಡೆಯವನೊಬ್ಬ..." ಎಂದು ಶುರು ಮಾಡುತ್ತೇನೆ. ಹಾಗೆ ಶುರು ಮಾಡುವವನು ಗೇಟ್‌ವೇ ಆಫ್ ಇಂಡಿಯಾದ ಲಾಂಚುಗಳನ್ನು ಇಷ್ಟು ವರ್ಷವೂ ದಡದಲ್ಲಿ ನಿಂತೇ ನೋಡಿದ್ದ ಎಂಬುದು ಮನೆಯೊಳಗಿನ ಗುಟ್ಟು.

ಗುಟ್ಟು ರಟ್ಟಾದದ್ದು ಅತ್ತೆಯವರಿಂದ. ಹೊನ್ನಾವರದ ಮಾವಿನಕುರ್ವಾದಿಂದ ಮಗಳ ಮನೆಗೆ ಬಂದಿದ್ದರು. ಮಾವಿನಕುರ್ವಾ ಎಂದರೆ ಶರಾವತಿಯ ನಡುಗಡ್ಡೆ. ನಾವು ರಿಕ್ಷಾ ಹತ್ತುವ ಹಾಗೆ ಅತ್ತೆಯವರು ದೋಣಿ ಹತ್ತಿ ಬೆಳೆದವರು. ಘಾರಾಪುರಿಯಲ್ಲಿ ಶಿವನಿದ್ದಾನೆ ಎಂದು ನನ್ನ ಹೆಂಡತಿ ಹೇಳಿದ್ದೇ ತಡ, ಚೀಲದ ತಳದಿಂದ ಹಿತ್ತಲಿನ ತೆಂಗಿನಕಾಯಿ ತೆಗೆದು ಮೇಜಿನ ಮೇಲಿಟ್ಟರು.

ನನ್ನ ಕೈಲಾದದ್ದನ್ನು ನಾನೂ ಮಾಡಿದೆ. "ಸೋಮವಾರ ಗುಹೆ ಬಂದ್ ಇರ್ತಾವ್ರೀ" ಎಂದೆ. "ನಾಳೆ ಆದಿತ್ಯವಾರ ಅಲ್ಲವಾ?" ಎಂದರು. "ಆ ದ್ವೀಪಕ್ಕೆ ಹೆಸರು ಕೊಟ್ಟ ಕಲ್ಲಾನೆನ ಅಲ್ಲಿಲ್ಲ, ಬೈಕುಲಾದ ರಾಣಿಬಾಗಿನಾಗ ಐತಿ. ಇಲ್ಲಿಂದ ಸೀದಾ ಲೋಕಲ್" ಎಂದೆ. ಇದು ಸುಳ್ಳಲ್ಲ. ಪೋರ್ಚುಗೀಸರು ಆ ಆನೆಯನ್ನು ಕಂಡೇ ದ್ವೀಪಕ್ಕೆ ಎಲಿಫೆಂಟಾ ಎಂದದ್ದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಅದು ಬಿದ್ದು ಚೂರಾಯಿತು; ಆ ಚೂರುಗಳೇ ಮುಂಬಯಿಗೆ ಬಂದು ಮತ್ತೆ ಆನೆಯಾದವು. ಹಡಗು ಹತ್ತುವುದಕ್ಕಿಂತ ಚೂರಾಗುವುದೇ ವಾಸಿ ಎಂದುಕೊಂಡ ಆ ಪ್ರಾಣಿಯ ಮೇಲೆ ನನಗೆ ಗೌರವವಿದೆ. ಅತ್ತೆಯವರಿಗೆ ಇರಲಿಲ್ಲ. "ಆನೆ ಮುಂದೆ ಕಾಯಿ ಒಡೆಯೋದಾ, ಅಳಿಯಂದಿರೇ?"

ಗೇಟ್‌ವೇ ಧಕ್ಕೆಯಲ್ಲಿ ಲಾಂಚುಗಳು ಒಂದರ ಮಗ್ಗುಲಿಗೆ ಒಂದು ಹಗ್ಗ ಬಿಗಿದು ನಿಂತಿರುತ್ತವೆ. ನಮ್ಮದು ಎಲ್ಲಕ್ಕಿಂತ ಆಚೆಯದು. ಮೊದಲನೆಯದನ್ನು ಹತ್ತಿ, ಅದರೊಳಗೇ ನಡೆದು, ಪಕ್ಕದ್ದಕ್ಕೆ ದಾಟಿ, ಅಲ್ಲಿಂದ ನಮ್ಮದಕ್ಕೆ ಹೋಗಬೇಕು. ನಡುವೆ ಒಂದು ಮೊಳದ ಸಂದಿ. ಸಂದಿಯಲ್ಲಿ ಹಸಿರು ನೀರು, ಡೀಸೆಲ್ ವಾಸನೆ, ಯಾರದೋ ಒಂಟಿ ಚಪ್ಪಲಿ. ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅತ್ತೆಯವರು ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸಂದಿ ಕುಗ್ಗುವ ಗಳಿಗೆ ನೋಡಿ ದಾಟಿಬಿಟ್ಟರು. ನಾನು ಹಿಗ್ಗುವ ಗಳಿಗೆಯನ್ನೇ ಹುಡುಕಿ ಕಾಲೆತ್ತಿದೆ. ಲಾಂಚಿನ ಹುಡುಗ ನನ್ನ ರಟ್ಟೆ ಹಿಡಿದೆಳೆದು, "ಕಾಕಾ, ಖಾಲೀ ಬಘೂ ನಕಾ" ಎಂದ. ಕೆಳಗೆ ನೋಡಬೇಡ ಅಂದಮೇಲೆ ನೋಡದೆ ಇರುವುದು ಹೇಗೆ?

ಆಮೇಲೆ ಲೈಫ್ ಜಾಕೆಟ್. ಎಲ್ಲರಿಗೂ ಅದು ಮೈಗೆ ಕೂತಿತು. ನನ್ನದರ ಪಟ್ಟಿ ಹೊಟ್ಟೆಯನ್ನು ಬಳಸಿ ಬರುವಷ್ಟರಲ್ಲಿ ಕೊಕ್ಕೆಗೆ ನಾಲ್ಕು ಬೆರಳು ಕಡಿಮೆ. "ಉಸಿರು ಒಳಗೆ ಎಳ್ಕೊಳ್ರಿ" ಎಂದಳು ಹೆಂಡತಿ. ಎಳೆದುಕೊಂಡೆ, ಕೊಕ್ಕೆ ಬಿತ್ತು. ಆ ಉಸಿರನ್ನು ಬಿಟ್ಟದ್ದು ಘಾರಾಪುರಿಯಲ್ಲಿ.

ಹತ್ತು ಕಿಲೋಮೀಟರು, ಸುಮಾರು ಒಂದು ಗಂಟೆ. ಡೊಂಬಿವಲಿಯಿಂದ ಸಿಎಸ್‌ಟಿವರೆಗೆ ಒಂಟಿಗಾಲಿನಲ್ಲಿ ನಿಂತು ಹೋಗಬಲ್ಲವನಿಗೆ, ಕೂರಲು ಜಾಗ ಸಿಕ್ಕ ಪ್ರಯಾಣವೂ ಹಿಂಸೆಯಾಗುತ್ತದೆ ಎಂದು ಗೊತ್ತಿರಲಿಲ್ಲ. ಹೆಂಗಸರು ಮೇಲೆ ದುಡ್ಡು ಕೊಟ್ಟು ಮೇಲಂತಸ್ತಿಗೆ ಹೋದರು. ನಾನು ಕೆಳಗೆ ಕಂಬ ಹಿಡಿದು, ತೊಡೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಕೂತೆ. ಮಗಳು ಆಗಾಗ ಇಳಿದು ಬಂದು ವರದಿ ಒಪ್ಪಿಸುತ್ತಿದ್ದಳು: ನೌಕಾಪಡೆಯ ಹಡಗು ಕಾಣಿಸಿತು, ಎಣ್ಣೆ ಟ್ಯಾಂಕರ್ ಕಾಣಿಸಿತು, ಅಟಲ್ ಸೇತು ಕಾಣಿಸಿತು. 2024ರಲ್ಲಿ ತೆರೆದ ಆ ಸೇತುವೆಯ ಉದ್ದ ಸುಮಾರು 22 ಕಿ.ಮೀ. ಅಷ್ಟು ಕಟ್ಟಿದವರು ಈ ಕಡೆಗೊಂದು ಕವಲು ಇಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? "ಪಪ್ಪಾ, ಪುಲಿಕೇಶಿನೂ ಹಿಂಗ ಕಣ್ಣು ಮುಚ್ಕೊಂಡ ಬಂದಿದ್ನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗಳು ಮೆಟ್ಟಿಲು ಹತ್ತಿದಳು. ರವಿಕೀರ್ತಿ ಹಡಗುಗಳ ವಿಚಾರ ಬರೆದ, ಅರಸನ ಹೊಟ್ಟೆಯ ವಿಚಾರ ಬರೆಯಲಿಲ್ಲ. ಆಸ್ಥಾನಕವಿ ಬೇಕಾಗುವುದೇ ಇದಕ್ಕೆ. ನನ್ನ ಆಸ್ಥಾನದಲ್ಲಿ ಇರುವವರೆಲ್ಲ ಮೊಬೈಲಿನಲ್ಲಿ ವಿಡಿಯೊ ತೆಗೆಯುವವರು.

ದ್ವೀಪದ ಧಕ್ಕೆಯಿಂದ ಒಂದು ಪುಟಾಣಿ ರೈಲಿದೆ. ಹಳಿ ಕಂಡದ್ದೇ ನನಗೆ ಜೀವ ಬಂತು. ರೈಲು ಇಳಿದರೆ ನೂರಿಪ್ಪತ್ತು ಮೆಟ್ಟಿಲು, ಇಕ್ಕೆಲದಲ್ಲೂ ತಾಡಪಾಲಿನ ಕೆಳಗೆ ಅಂಗಡಿ. ಕುರ್ಚಿಗೆ ಗಳ ಕಟ್ಟಿಕೊಂಡು ನಿಂತ ಡೋಲಿಯವರು ಅತ್ತೆಯವರನ್ನು ಬಿಟ್ಟು ನೇರ ನನ್ನ ಹತ್ತಿರ ಬಂದರು.

ಮುಕ್ಕಾಲು ಏರುವಷ್ಟರಲ್ಲಿ ಗಡವ ಮಂಗವೊಂದು ಎದುರು ಬಂದು ಕೂತಿತು. ಕಾಯಿ ನೋಡಿತು, ನನ್ನ ಮುಖ ನೋಡಿತು, ಎರಡನ್ನೂ ಅಂದಾಜು ಮಾಡಿತು. ಕಸಿಯಲಿಲ್ಲ, ಕೈ ಚಾಚಿತು ಅಷ್ಟೆ. ನಾನೇ ಕೊಟ್ಟೆ. ಅದು ಕಟ್ಟೆ ಏರಿ ಜುಟ್ಟು ಕಿತ್ತು, ಕಚ್ಚಿ, ತಿರುಗಿಸಿ, ಮತ್ತೆ ಕಚ್ಚಿ, ಕೊನೆಗೆ ಸಿಟ್ಟಿನಿಂದ ಕೆಳಕ್ಕೆ ಬೀಸಾಡಿತು. ಕಾಯಿ ಮೆಟ್ಟಿಲ ಅಂಚಿಗೆ ಬಡಿದು ಸರಿಯಾಗಿ ಎರಡು ಹೋಳಾಯಿತು, ನೀರು ಎರಡು ಮೆಟ್ಟಿಲು ಇಳಿಯಿತು. ಅತ್ತೆಯವರು ಚಪ್ಪಲಿ ಕಳಚಿ, ಗುಹೆಯ ಕಡೆ ಕೈಮುಗಿದು, ಮಂಗ ಇಳಿಯುವುದರೊಳಗೆ ಎರಡೂ ಹೋಳು ಎತ್ತಿ ಸೆರಗಿಗೆ ಹಾಕಿಕೊಂಡರು. "ಹನುಮಂತನೇ ಒಡೆದುಕೊಟ್ಟ. ನಿಮ್ಮ ಕೈಲಿ ಆಗ್ತಿರಲಿಲ್ಲ" ಎಂದರು. ಒಳಗೆ ಅರ್ಚಕರಿಲ್ಲ, ನಿತ್ಯಪೂಜೆಯಿಲ್ಲ. ಕೆಲಸ ಹೊರಗೇ ಮುಗಿದದ್ದು ಒಳ್ಳೆಯದೇ ಆಯಿತು.

ಗುಹೆಯಲ್ಲಿ ಎಲ್ಲರೂ ಇಪ್ಪತ್ತಡಿ ಎತ್ತರದ ಮೂರು ಮುಖದ ಸದಾಶಿವನ ಮುಂದೆ ನಿಂತರು. ನಿಲ್ಲಬೇಕಾದದ್ದೇ, ಅರ್ಧ ಮುಚ್ಚಿದ ಆ ಕಣ್ಣುಗಳ ಎದುರು ನನ್ನ ಮಗಳೂ ಮೊಬೈಲು ಇಳಿಸಿದಳು. ನಾನು ಮಾತ್ರ ರಾವಣ ಕೈಲಾಸವನ್ನು ಅಲುಗಿಸುವ ಶಿಲ್ಪದ ಬಳಿ ಹೆಚ್ಚು ಹೊತ್ತು ನಿಂತೆ. ಬೆಟ್ಟದ ಮೇಲಿದ್ದವರ ಪಾಡು ಆ ದಿನ ನನ್ನಷ್ಟು ಚೆನ್ನಾಗಿ ತಿಳಿದವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಹಿಂತಿರುಗುವಾಗ ಅತ್ತೆಯವರು ನನ್ನನ್ನು ಮೇಲಂತಸ್ತಿಗೆ ಎಳೆದೊಯ್ದರು. ಕೈಗೆ ಒಂದು ತುಂಡು ಕಾಯಿ ಕೊಟ್ಟು, "ಇದನ್ನು ಜಗೀತಾ ಇರಿ, ದೂರದ ಗುಡ್ಡ ನೋಡಿ, ನೀರು ನೋಡ್ಬೇಡಿ" ಎಂದರು. ಅರ್ಧ ದಾರಿಗೆ ಹೊಟ್ಟೆ ತಣ್ಣಗಾಯಿತು. ಹೀಗೇ ಹೋದರೆ ಇನ್ನೊಮ್ಮೆ ಬರಬಹುದು ಎಂದು ನನ್ನ ಬಾಯಿಂದಲೇ ಬಂದುಬಿಟ್ಟಿತು.

"ಹಂಗಾದ್ರೆ ಮುಂದಿನ ಆದಿತ್ಯವಾರ ಮಾಂಡ್ವಾ" ಎಂದಳು ಹೆಂಡತಿ. "ಭಾವುಚಾ ಧಕ್ಕಾದಿಂದ ರೋ-ರೋ ಹಡಗಿದೆ, ಅದರಲ್ಲಿ ಕಾರನ್ನೂ ಒಯ್ಯಬಹುದು."

"ನಮ್ಮ ಹತ್ರ ಕಾರ್ ಎಲ್ಲೈತಿ?"

"ಬಾಡಿಗೆಗೆ ತಗೊಳ್ಳೋಣ. ನಿಮಗೆ ಕಣ್ಣು ಮುಚ್ಚಿಕೊಂಡು ಕೂರೋಕೆ ಒಂದು ಜಾಗ ಬೇಕಲ್ಲ."