ದ್ವೀಪದ ಮ್ಯಾಲೆ ತೆಲಿಗಿಯ ಸಹಿ

ಸಮುದ್ರಕ್ಕೂ ಹರಪನಹಳ್ಳಿ ತಾಲ್ಲೂಕಿನ ನಮ್ಮ ತೆಲಿಗಿಗೂ ಇರುವ ನಂಟು ಒಂದೇ: ಉಪ್ಪು. ಆದರೂ ದಸರೆ ರಜೆ ಬಂತೆಂದರೆ ನಮ್ಮ ಕಡೆಯ ಕ್ರೂಸರುಗಳು ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ ಚೀಲಗಳನ್ನು ಹೇರಿಕೊಂಡು ಹರಿಹರ, ಶಿವಮೊಗ್ಗ ದಾಟಿ ಆಗುಂಬೆ ಘಾಟಿ ಇಳಿಯುತ್ತವೆ. ಮಲ್ಪೆಯಲ್ಲಿ ದೋಣಿ ಹತ್ತಿ ಸುಮಾರು 6 ಕಿ.ಮೀ. ಹೋದರೆ ಸೇಂಟ್ ಮೇರೀಸ್ ದ್ವೀಪ. ದೋಣಿಯಲ್ಲಿ ಕೊಡುವ ಲೈಫ್ ಜಾಕೆಟ್ ಫೋಟೊ ತೆಗೆಯುವವರೆಗೆ ಮೈಮೇಲೆ, ಆಮೇಲೆ ಕುಂಡಿ ಕೆಳಗೆ.

ಈ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಆರಿತು, ಆರುತ್ತ ಕುಗ್ಗಿತು, ಕುಗ್ಗುತ್ತ ಬಿರಿದು ಐದಾರು ಮೂಲೆಯ ಕಂಬಗಳಾಗಿ ನಿಂತಿತು. ಇದನ್ನು ಕೇಳಿ ಹರಪನಹಳ್ಳಿ ತಾಲ್ಲೂಕಿನವರು ಬೆರಗಾಗುವುದಿಲ್ಲ. ಪಾಲು ಪಾರೀಖತ್ತು ನಮಗೇನು ಹೊಸದೇ? 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ, 2018ರಲ್ಲಿ ತಿರುಗಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋದವರು ನಾವು. ಮಡಗಾಸ್ಕರ್ ಮಾತ್ರ ಒಮ್ಮೆ ಹೋದದ್ದು ಹೋಯಿತು. ಅಲ್ಲಿ ಆಗಿನ್ನೂ ಚುನಾವಣೆ ಇರಲಿಲ್ಲ.

"ಮಾವಾ, ಇಲ್ಲಿ ಉಸುಕ ಕಾಣವಲ್ದು, ಬರೇ ಚಿಪ್ಪು ಅದಾವ್ರಿ" ಎಂದ ಒಬ್ಬ ಅಳಿಯ.

"ಅದಕ್ಕ ಈ ದ್ವೀಪ ಉಳದೈತಪಾ. ಉಸುಕ ಇದ್ದಿದ್ರ ಯಾವತ್ತೋ ಟ್ರ್ಯಾಕ್ಟರ್ ಹತ್ತಿರತಿತ್ತು" ಎಂದರು ಮಾವ. ತುಂಗಭದ್ರೆಯ ದಂಡೆ ನೋಡಿದವರ ಮಾತಿದು, ತೆಗೆದುಹಾಕುವಂತಿಲ್ಲ.

ಕಸ ಹಾಕಬೇಡಿ, ಬಂಡೆ ಹತ್ತಬೇಡಿ, ನೀರಿಗಿಳಿಯಬೇಡಿ ಎಂಬುದು ಸಂರಕ್ಷಿತ ತಾಣಗಳ ಫಲಕಗಳ ತ್ರಿಪದಿ. ಫಲಕಕ್ಕೆ ಒರಗಿ ಸೆಲ್ಫಿ ತೆಗೆದು, ಗುಟ್ಕಾ ಚೀಟಿಯನ್ನು ಅದರ ಬುಡದಲ್ಲೇ ಬಿಟ್ಟು, ನಮ್ಮ ಹುಡುಗರು ಬಂಡೆ ಹತ್ತುತ್ತಾರೆ. ಹತ್ತಿದ ಮೇಲೆ ಹೆಸರು ಕೆತ್ತದಿದ್ದರೆ ಹೇಗೆ? 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿಳಿದು, ಶಿಲುಬೆ ನೆಟ್ಟು, ಮೇರಿಯಮ್ಮನ ಹೆಸರಿಟ್ಟ ಎಂಬ ಪ್ರತೀತಿ ಇದೆ. ಪೋರ್ಚುಗಲ್‌ನಿಂದ ಬಂದವನಿಗಿದ್ದ ಹಕ್ಕು ತೆಲಿಗಿಯಿಂದ ಬಂದವನಿಗಿಲ್ಲವೇ? ಹಾಗೆಂದು ಕ್ರೂಸರಿನ ಕೀಲಿ ಹಿಡಿದು, ತನ್ನ ಹೆಸರಿನ ಪಕ್ಕ ಇನ್ನೊಂದು ಹೆಸರು, ನಡುವೆ ಬಾಣ ಬಿದ್ದ ಹೃದಯ. ಮದುವೆ ಬೇರೆ ಕಡೆ ಆದರೂ ಬಂಡೆ ಸಾಕ್ಷಿ ಹೇಳುತ್ತಲೇ ಇರುತ್ತದೆ.

ಈ ದ್ವೀಪಕ್ಕೆ ನಿಜವಾದ ಅಧಿಕಾರಿ ಒಬ್ಬನೇ: ಮುಂಗಾರು. ಜೂನ್ ಬಂತೆಂದರೆ ಪ್ರವಾಸಿ ದೋಣಿಗಳು ದಡ ಸೇರಬೇಕು. ಅವನಿಗೆ ಶಾಸಕರ ಪತ್ರ ನಡೆಯುವುದಿಲ್ಲ, ಪರಿಚಯದವರ ಫೋನು ನಡೆಯುವುದಿಲ್ಲ, ವರ್ಗಾವಣೆಯ ಬೆದರಿಕೆಯೂ ನಡೆಯುವುದಿಲ್ಲ.

ಇಷ್ಟು ದೂರ ಹೋಗುವವರಿಗೆ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕಾಣುವುದಿಲ್ಲ. ಹೊಲಕ್ಕೆ ನೀರುಣಿಸಲು ಕಟ್ಟಿದ ಕೆರೆ ಅದು. ನೀರಿನಲ್ಲಿ ನಿಂತ ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆಗಳ ಗೂಡು. 2024ರಲ್ಲಿ ಅದಕ್ಕೆ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮನ್ನಣೆಯೂ ಸಿಕ್ಕಿತು. ಆದರೆ ಕ್ರೂಸರುಗಳಿಗೆ ಅಲ್ಲೇನು ಕೆಲಸ? ಹೆಸರು ಕೆತ್ತಿಸಿಕೊಳ್ಳಲು ಕೊಕ್ಕರೆ ಕೂರುವುದಿಲ್ಲ.

ದ್ವೀಪಕ್ಕೆ ಹೋಗಿ, ಕೆರೆಗೂ ಹೋಗಿ, ಬೇಡವೆನ್ನುವವರಿಲ್ಲ. ಆದರೆ ನಿಮ್ಮ ಹೆಸರು ಆಧಾರ್‌ನಲ್ಲಿದೆ, ಪಡಿತರ ಚೀಟಿಯಲ್ಲಿದೆ, ಮೂರು ಜಿಲ್ಲೆಗಳ ಕಡತಗಳಲ್ಲಿದೆ. ಕಲ್ಲಿನ ಮೇಲೆ ಬೇಡ, ದಯವಿಟ್ಟು.