ಇಟ್ಟಿಗೆಗೂಡಿನ ಫ್ಲೈಯಿಂಗ್ ಆಫೀಸರ್

ಮೈಸೂರಿನವರಿಗೆ ಯಾವುದಕ್ಕೂ ಅವಸರವಿಲ್ಲ ಎಂಬುದು ಬೆಂಗಳೂರಿನವರು ನಮ್ಮ ಮೇಲೆ ಹೊರಿಸಿರುವ ಆಪಾದನೆ. ನಾವು ಅದನ್ನು ಬಿರುದು ಎಂದು ತಿಳಿದು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಇಂಥ ಊರಿನಲ್ಲಿ, ಮೃಗಾಲಯದ ಮಗ್ಗುಲಿನ ಇಟ್ಟಿಗೆಗೂಡಿನಲ್ಲಿ, ಸಿಂಹ ಗರ್ಜಿಸುವುದಕ್ಕೂ ಮೊದಲೇ ಎದ್ದು ಬೂಟು ಬಿಗಿಯುವ ಪ್ರಾಣಿ ಒಂದೇ ಒಂದು: ನಮ್ಮ ಎದುರುಮನೆ ಹುಡುಗ. ಇಂಜಿನಿಯರಿಂಗ್ ಮುಗಿಸಿದ್ದಾನೆ. ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಇರಬಹುದು; ಬೀದಿಯವರಿಗೆಲ್ಲ ಅವನು ‘ಫ್ಲೈಯಿಂಗ್ ಆಫೀಸರ್’. ಈವರೆಗೆ ವಿಮಾನ ಹತ್ತಿದವನಲ್ಲ. ದಸರೆಯ ಹೊತ್ತಿಗೆ ಲಲಿತಮಹಲ್ ಹೆಲಿಪ್ಯಾಡಿನಿಂದ ಹಾರಿಸುವ ಹೆಲಿಕಾಪ್ಟರಿನಲ್ಲಿ ಒಮ್ಮೆ ಕೂತು ಅರಮನೆಯನ್ನು ಮೇಲಿನಿಂದ ನೋಡಿ ಬಂದಿದ್ದಾನೆ. ಇಳಿದ ಮೇಲೆ ಅರ್ಧ ಗಂಟೆ ಮಾತಾಡಲಿಲ್ಲವಂತೆ. ಭಾವೋದ್ವೇಗ ಎಂದು ಅವನು ಹೇಳುತ್ತಾನೆ. ಹೊಟ್ಟೆ ತೊಳಸುತ್ತಿತ್ತು ಎಂದು ಅವನ ತಂಗಿ ಹೇಳುತ್ತಾಳೆ.

ಇಂಥವರನ್ನು ಗುರುತಿಸುವುದು ಕಷ್ಟವಲ್ಲ. ಕ್ರಾಪು ಕಿವಿಯಿಂದ ಒಂದು ಗೇಣು ಮೇಲೆ. ಕೈ ಕುಲುಕಿದರೆ ನಮ್ಮ ಬೆರಳುಗಳು ಒಂದಕ್ಕೊಂದು ಪರಿಚಯ ಮಾಡಿಕೊಳ್ಳುತ್ತವೆ. ‘ಕಾಫಿ ಆಯ್ತಾ?’ ಎಂದು ಕೇಳಿದರೆ ‘ಯೆಸ್ ಅಂಕಲ್, ಐದೂ ನಲವತ್ತಕ್ಕೆ’ ಎಂದು ಉತ್ತರ. ಬಾಗಿಲು ದಾಟುವಾಗ ಹಿರಿಯರಿಗೆ ದಾರಿ ಬಿಡುತ್ತಾನೆ. ಹಿರಿಯರು ‘ಇಲ್ಲಪ್ಪ, ನೀನು ಹೋಗು’ ಎಂದರೆ ಅದೂ ಒಂದು ಪರೀಕ್ಷೆಯಿರಬಹುದೇ ಎಂದು ಅನುಮಾನಪಟ್ಟು ಅಲ್ಲೇ ನಿಲ್ಲುತ್ತಾನೆ. ಹೀಗೆ ಅವನೂ ನಾನೂ ಹಾಲಿನ ಬೂತಿನ ಬಾಗಿಲಲ್ಲಿ ಬಹಳ ಹೊತ್ತು ಕಳೆದಿದ್ದೇವೆ.

ತಪ್ಪು ಅವನದಲ್ಲ, ಊರಿನದು. ವಾಯುಪಡೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಗಳು ಡೆಹ್ರಾಡೂನ್, ವಾರಾಣಸಿ, ಗಾಂಧಿನಗರಗಳಲ್ಲಿ ಇರುವಂತೆ ನಮ್ಮ ಸಿದ್ಧಾರ್ಥನಗರದಲ್ಲೂ ಒಂದಿದೆ. ಪಟ್ನಾ, ಪಠಾಣಕೋಟೆಯ ಹುಡುಗರು ಎರಡೆರಡು ರಾತ್ರಿ ರೈಲಿನಲ್ಲಿ ಕೂತು ಮೈಸೂರು ಸ್ಟೇಷನ್ನಿನಲ್ಲಿ ಇಸ್ತ್ರಿ ಮಾಡಿದ ಮುಖ ಹೊತ್ತು ಇಳಿಯುತ್ತಾರೆ. ಅದೇ ಸಿದ್ಧಾರ್ಥನಗರದಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಇದೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೊರಟಾಗ ಬುತ್ತಿ ಕಟ್ಟಿಕೊಟ್ಟವರು ಅಲ್ಲಿಯವರೇ. ಮೇಲೆ ಹೋಗಬೇಕಾದ ಊಟ, ಮೇಲೆ ಹೋಗಬೇಕಾದ ಹುಡುಗರು, ಎರಡನ್ನೂ ಒಂದೇ ಬಡಾವಣೆಯಲ್ಲಿ ಪರೀಕ್ಷಿಸಿ ಕಳಿಸುತ್ತಾರೆ. ಒತ್ತಡದಲ್ಲಿ ಕೆಡಬಾರದು ಎಂಬುದೊಂದೇ ಎರಡಕ್ಕೂ ಷರತ್ತು.

ಹುಡುಗನ ಮೊದಲ ಹೋರಾಟ ತನ್ನ ಕಾಲಿನ ಜೊತೆಗೇ. ಪೈಲಟ್ ಆಗುವವನ ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಾಲು 99ರಿಂದ 120ರೊಳಗೆ, ಕೂತಾಗಿನ ಎತ್ತರ 81.5ರಿಂದ 96ರೊಳಗೆ, ತೊಡೆ ಮಾತ್ರ 64 ಮೀರದಂತೆ ಇರಬೇಕು ಎಂಬ ಸೂಕ್ಷ್ಮ ನಮಗೆ ತಿಳಿದದ್ದು ಅವನಿಂದಲೇ. ಅಪಾಯದಲ್ಲಿ ಸೀಟು ಸಮೇತ ಹೊರಕ್ಕೆ ಚಿಮ್ಮುವಾಗ ಉದ್ದ ತೊಡೆಯವರ ಮಂಡಿ ಕಾಕ್‌ಪಿಟ್ಟಿನ ಅಂಚಿಗೆ ಬಡಿದು ಅಲ್ಲೇ ಉಳಿದೀತು. ಅವನು ಮೂಲೆಯಂಗಡಿಯ ದರ್ಜಿಯ ಹತ್ತಿರ ಹೋಗಿ ಅಳತೆ ತೆಗೆಸಿದ. ದರ್ಜಿ ಟೇಪು ಹಿಡಿದು, ಕನ್ನಡಕ ಏರಿಸಿ, ‘ತೊಂಬತ್ತೊಂಬತ್ತೂವರೆ’ ಎಂದ. ಹುಡುಗ ಇನ್ನೊಮ್ಮೆ ಅಳೆಯಲು ಹೇಳಿದ. ‘ಪ್ಯಾಂಟಾದ್ರೆ ಒಳಗಡೆ ಬಟ್ಟೆ ಬಿಟ್ಟಿರ್ತೀನಿ, ಬಿಚ್ಚಿ ಉದ್ದ ಮಾಡ್ಬೋದು. ಇದು ನಿಮ್ಮಪ್ಪ ಹೊಲಿಸಿದ್ದು, ನನ್ನ ಕೇಳ್ಬೇಡ’ ಎಂದು ದರ್ಜಿ ಟೇಪು ಸುತ್ತಿ ಇಟ್ಟ. ಅಂದಿನಿಂದ ಹುಡುಗ ಆ ಅರ್ಧ ಸೆಂಟಿಮೀಟರನ್ನು ಪಿತ್ರಾರ್ಜಿತ ಸೈಟಿನಂತೆ ಕಾಯುತ್ತಿದ್ದಾನೆ.

ಅಧಿಕಾರಿಯಾಗುವವನಲ್ಲಿ ಹದಿನೈದು ಗುಣ ಇರಬೇಕಂತೆ. ಅವನ ಪಂಗಡದವರು ಅದನ್ನು ‘ಓಎಲ್‌ಕ್ಯೂ’ ಎನ್ನುತ್ತಾರೆ. ಹೊಣೆಗಾರಿಕೆ, ತಟ್ಟನೆ ನಿರ್ಧರಿಸುವ ಶಕ್ತಿ, ಸಹಕಾರ, ಧೈರ್ಯ ಇತ್ಯಾದಿ. ಇವನು ಹದಿನೈದನ್ನೂ ಗೋಡೆಗೆ ಅಂಟಿಸಿಕೊಂಡಿದ್ದಾನೆ. ‘ಇವತ್ತು ಯಾವುದೋ?’ ಎಂದು ಅಜ್ಜಿ ಏಕಾದಶಿ ಯಾವತ್ತು ಎನ್ನುವ ದನಿಯಲ್ಲಿ ಕೇಳುತ್ತಾರೆ. ‘ಇವತ್ತು ಇನಿಶಿಯೇಟಿವ್ ಅಜ್ಜಿ’ ಎಂದರೆ ಅವತ್ತು ಮನೆಯಲ್ಲಿ ಎಲ್ಲರೂ ಹುಷಾರು. ಕಳೆದ ಬಾರಿ ಇನಿಶಿಯೇಟಿವ್ ಬಂದಾಗ ಯಾರೂ ಹೇಳದೆಯೇ ನೀರಿನ ಟ್ಯಾಂಕ್ ತೊಳೆಯಲು ಹೋಗಿ ಇಡೀ ವಠಾರದ ನೀರು ಚರಂಡಿ ಸೇರಿತ್ತು. ಮಾರನೆಯ ದಿನದ ಗುಣ ಹೊಣೆಗಾರಿಕೆ. ಮನೆಮನೆಗೂ ಕೊಡ ಹೊತ್ತ. ನನ್ನನ್ನು ಕೇಳಿದರೆ, ಎರಡನೆಯ ದಿನ ಅವನು ನಿಜವಾದ ಅಧಿಕಾರಿಯ ಹಾಗೇ ಕಾಣುತ್ತಿದ್ದ.

‘ಸನ್ನಿವೇಶಕ್ಕೆ ಪ್ರತಿಕ್ರಿಯೆ’ ಎಂಬ ಪತ್ರಿಕೆಯೊಂದಿದೆ. ಅರವತ್ತು ಸಂಕಟ, ಮೂವತ್ತು ನಿಮಿಷ. ಕಾಡಿನಲ್ಲಿ ಹೋಗುವಾಗ ಗೆಳೆಯನಿಗೆ ಹಾವು ಕಚ್ಚಿತು, ಜೀಪು ಕೆಟ್ಟಿತು, ಕತ್ತಲಾಯಿತು, ಅವನು... ಎಂದು ಪ್ರಶ್ನೆ ನಿಲ್ಲುತ್ತದೆ. ಉತ್ತರ ತಂತಿ ಸಂದೇಶದಂತೆ ಇರಬೇಕು: ‘ಧೈರ್ಯ ಹೇಳಿದ, ಹಳ್ಳಿಗರ ಗಾಡಿ ಹಿಡಿದ, ಆಸ್ಪತ್ರೆ ಸೇರಿಸಿದ, ಜೀಪು ರಿಪೇರಿ ಮಾಡಿಸಿದ, ಬೆಳಿಗ್ಗೆ ಪರೀಕ್ಷೆ ಬರೆದ.’ ನಮ್ಮ ಹುಡುಗನ ಉತ್ತರಗಳಲ್ಲಿ ಸತ್ತವರೇ ಇಲ್ಲ. ರೈಲು ಹಳಿ ತಪ್ಪಿದರೆ ಅಂಗಿ ಬಿಚ್ಚಿ ಬೀಸುತ್ತಾನೆ, ಹೋಟೆಲಿಗೆ ಬೆಂಕಿ ಬಿದ್ದರೆ ಮುದುಕಿಯನ್ನು ಹೊತ್ತು ತರುತ್ತಾನೆ, ಎಲ್ಲ ಮುಗಿಸಿ ಅಕ್ಕನ ಮದುವೆಗೆ ಸಮಯಕ್ಕೆ ಸರಿಯಾಗಿ ಹಾಜರು. ಮೊನ್ನೆ ಅವರಮ್ಮ ಒಗ್ಗರಣೆಯ ಮಧ್ಯೆ ಗ್ಯಾಸ್ ಖಾಲಿಯಾಯಿತೆಂದು ಕೂಗಿದರು. ‘ಬಂದೆ ಅಮ್ಮಾ, ಇನ್ನು ನಾಲ್ಕು ಸಿಚುಯೇಶನ್ ಇದೆ’ ಎಂದ. ಆ ನಾಲ್ಕರಲ್ಲಿ ಒಂದು ನೆರೆ, ಒಂದು ದರೋಡೆ ಇತ್ತಂತೆ. ಒಗ್ಗರಣೆ ಅವರಪ್ಪನ ಪಾಲಿಗೆ ಬಂತು.

ನಿಜವಾದ ಭೂತ ಬೇರೆಯೇ ಇದೆ. ಮಂಡಳಿಯ ಐದು ದಿನದ ಸಂದರ್ಶನಕ್ಕೆ ಎಷ್ಟು ಸಲವಾದರೂ ಹೋಗಬಹುದು, ವಯಸ್ಸು ಮೀರದಿದ್ದರೆ ಸರಿ. ಆದರೆ ಅಲ್ಲಿ ಗೆದ್ದು ಹಾರಾಟಕ್ಕೆ ಅರ್ಜಿ ಹಾಕಿದವರನ್ನು ಇನ್ನೊಂದು ಕೋಣೆಗೆ ಕಳಿಸುತ್ತಾರೆ. ಹಿಂದೆ ಅದಕ್ಕೆ ‘ಪಿಎಬಿಟಿ’ ಎನ್ನುತ್ತಿದ್ದರು. ಈಗ ಎಲ್ಲ ಕಂಪ್ಯೂಟರಿನದ್ದೇ ಕಾರುಬಾರು, ಹೆಸರು ‘ಸಿಪಿಎಸ್‌ಎಸ್’. ಮುಳ್ಳುಗಳು ಕುಣಿಯುವ ಡಯಲುಗಳ ಚಿತ್ರ ತೋರಿಸಿ ವಿಮಾನ ಯಾವ ದಿಕ್ಕಿಗೆ ವಾಲಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳು ಎನ್ನುತ್ತಾರೆ. ಆಮೇಲೆ ಕೈಗೆ ಕೋಲು, ಕಾಲಿಗೆ ಪೆಡಲು. ಪರದೆಯ ಮೇಲಿನ ಚುಕ್ಕಿ ಓಡಿ ಹೋಗದಂತೆ ನಡುವೆ ಹಿಡಿಯಬೇಕು. ಅಷ್ಟರಲ್ಲೇ ದೀಪ ಹೊತ್ತಿದರೆ ಅದಕ್ಕೊಂದು ಉತ್ತರ, ಸದ್ದಾದರೆ ಅದಕ್ಕೊಂದು ಉತ್ತರ. ಇದು ಜೀವಮಾನದಲ್ಲಿ ಒಂದೇ ಸಲ. ತಪ್ಪಿದರೆ ನೆಲದ ಮೇಲಿನ ಹುದ್ದೆಗಳು ತೆರೆದಿರುತ್ತವೆ, ಆಕಾಶ ಮಾತ್ರ ಮುಚ್ಚಿಹೋಗುತ್ತದೆ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಇಲಾಖಾ ಪರೀಕ್ಷೆಯವರೆಗೆ ಎಲ್ಲದಕ್ಕೂ ಸಪ್ಲಿಮೆಂಟರಿ ಕಂಡ ಊರಿನವರಿಗೆ ಈ ‘ಒಂದೇ ಸಲ’ ಅರ್ಥವೇ ಆಗಲಿಲ್ಲ. ‘ಯಾರನ್ನಾದರೂ ಹಿಡಿದರೆ?’ ಎಂದು ನಿವೃತ್ತ ತಹಸೀಲ್ದಾರರೊಬ್ಬರು ಮೆಲ್ಲಗೆ ವಿಚಾರಿಸಿದರು.

ಚುಕ್ಕಿ, ದೀಪ, ಸದ್ದು ಎಂದು ಅವನು ವಿವರಿಸಿದಾಗ ಕಣ್ಣರಳಿಸಿದವರು ಅಜ್ಜಿ ಒಬ್ಬರೇ. ‘ಅಯ್ಯೋ, ಇದು ಅಷ್ಟಾವಧಾನ ಕಣೋ!’ ಶತಾವಧಾನಿ ಗಣೇಶರ ಅವಧಾನಗಳಲ್ಲಿ ಮುಂದಿನ ಸಾಲು ಹಿಡಿದು ಕೂತವರು ಅವರು. ಒಬ್ಬ ಅಕ್ಷರ ನಿಷೇಧಿಸುತ್ತಾನೆ, ಒಬ್ಬ ಸಮಸ್ಯೆ ಕೊಡುತ್ತಾನೆ, ನಡುವೆ ಗಂಟೆ ಬಾರಿಸುತ್ತಾರೆ, ಅಪ್ರಸ್ತುತ ಪ್ರಸಂಗಿಯೊಬ್ಬ ಕಾಲೆಳೆಯುತ್ತಾನೆ. ಪದ್ಯದ ಎಳೆ ತಪ್ಪಬಾರದು. ಅಜ್ಜಿಯ ನಿರ್ದೇಶನದಲ್ಲಿ ಅಂದೇ ಸಂಜೆ ನಡುಮನೆಯಲ್ಲಿ ಅಭ್ಯಾಸ ಶುರುವಾಯಿತು. ಕುರ್ಚಿಯೇ ವಿಮಾನ, ಕಸಬರಿಗೆಯ ಹಿಡಿಯೇ ಕೋಲು, ಹವಾಯಿ ಚಪ್ಪಲಿಗಳು ಪೆಡಲು. ಎದುರಿಗೆ ಲ್ಯಾಪ್‌ಟಾಪಿನಲ್ಲಿ ಚುಕ್ಕಿಯ ಆಟ. ತಂಗಿ ಟಾರ್ಚು ಹೊತ್ತಿಸುವುದು, ಅಜ್ಜಿ ಪೂಜೆಯ ಗಂಟೆ ಬಾರಿಸುವುದು, ಅಪ್ಪ ಅಪ್ರಸ್ತುತ ಪ್ರಸಂಗಿ. ಅಪ್ಪನಿಗೆ ತರಬೇತಿಯೇ ಬೇಕಾಗಲಿಲ್ಲ. ‘ಅಲ್ಲಾ, ನಿನ್ನ ಕ್ಲಾಸ್‌ಮೇಟ್ ಇನ್ಫೋಸಿಸ್ ಸೇರಿದನಂತಲ್ಲ, ಸಂಬಳ ಎಷ್ಟೋ?’ ಎಂದು ಒಂದು ಬಾಣ ಬಿಟ್ಟರು. ಚುಕ್ಕಿ ಪರದೆಯಾಚೆ ಹಾರಿಹೋಯಿತು.

ಎದುರು ಜಗಲಿಯಲ್ಲಿ ನಾವು ನಾಲ್ಕು ಜನ ಪೆನ್ಷನ್‌ದಾರರು ಪ್ರೇಕ್ಷಕರು. ನಿಧಾನಕ್ಕೆ ನಮ್ಮಿಂದಲೂ ಸಲಹೆಗಳು ಹೊರಟವು. ಗಂಟೆ ಬೇಡ, ಕುಕ್ಕರ್ ಸೀಟಿ ಇರಲಿ ಎಂದು ಒಬ್ಬರು. ನಾಯಿ ಬೊಗಳಿದರೆ ಎಡಗೈಯೋ ಬಲಗೈಯೋ ಎಂದು ಇನ್ನೊಬ್ಬರ ಶಂಕೆ. ಅಷ್ಟರಲ್ಲಿ ಮೃಗಾಲಯದ ಸಿಂಹ ನಿಜವಾಗಿಯೇ ಗರ್ಜಿಸಿತು. ನಮಗೆಲ್ಲ ಮೈ ಜುಮ್ಮೆಂದಿತು. ಹುಡುಗನ ಚುಕ್ಕಿ ಕದಲಲಿಲ್ಲ. ಸಿಂಹ ಅವನಿಗೆ ಹುಟ್ಟಿದಾಗಿನಿಂದ ಪರಿಚಯ. ಸಂಬಳದ ಪ್ರಶ್ನೆ ಇನ್ನೂ ಹೊಸದು.

ಅವನ ಕೋಣೆಯ ಗೋಡೆಯ ಮೇಲೆ ಸಿನಿಮಾದವರಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ ಇದ್ದಾರೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಕೆಡವಿದವರು, ಹಿಂದಿರುಗಿ ಬರಲಿಲ್ಲ. ಆ ಸಂಗತಿ ಇಲ್ಲಿನವರಿಗೆ ತಿಳಿದದ್ದೇ ತಡವಾಗಿ, ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಈ ಕಥೆ ಹೇಳುವಾಗ ಹುಡುಗ ತಂತಿ ಭಾಷೆ ಬಿಟ್ಟು ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಾನೆ. ನಾವೂ ನಗುವುದಿಲ್ಲ.

ಮಂಡಳಿಯವರು ಹೇಳುವುದು ಒಂದೇ ಮಾತು: ಸಹಜವಾಗಿರಿ. ಇದೇ ಅವನ ನಿದ್ದೆ ಕೆಡಿಸಿದ್ದು. ಸಹಜವಾಗಿ ಇರಲು ಬೆಳಿಗ್ಗೆ ಆರರಿಂದ ಏಳರವರೆಗೆ ಕನ್ನಡಿಯ ಮುಂದೆ ಅಭ್ಯಾಸ ನಡೆಯಿತು. ನಗು ಎಷ್ಟು ಹಲ್ಲಿನದ್ದು ಇರಬೇಕು ಎಂದು ತಂಗಿಯ ಜೊತೆ ಚರ್ಚೆಯಾಯಿತು. ಮೊದಲ ದಿನದ ಗುಂಪು ಚರ್ಚೆಯನ್ನು ಅವರ ವಲಯದಲ್ಲಿ ‘ಫಿಶ್ ಮಾರ್ಕೆಟ್’ ಎನ್ನುತ್ತಾರಂತೆ. ಹದಿನೈದು ಜನ ಒಟ್ಟಿಗೆ ಕೂಗುತ್ತಾರೆ, ಕೂಗದೆ ಕೇಳಿಸಿಕೊಳ್ಳುವವನೇ ಗೆಲ್ಲುತ್ತಾನೆ. ಆ ವಿದ್ಯೆ ಕಲಿಯಲು ದೇವರಾಜ ಮಾರುಕಟ್ಟೆಗೆ ಹೋಗಿ, ಹೂವಿನವಳ ಮುಂದೆ ದನಿ ಏರಿಸದೆ, ಕಣ್ಣಲ್ಲಿ ಕಣ್ಣಿಟ್ಟು, ತರ್ಕಬದ್ಧವಾಗಿ ಮೊಳ ಮಲ್ಲಿಗೆಯ ಬೆಲೆ ಇಳಿಸಲು ನೋಡಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳು ಹೇಳಿದ ಬೆಲೆಗೇ ಎರಡು ಮೊಳ ತಂದ.

ಕೊನೆಗೂ ಕರೆ ಬಂತು. ಮೊದಲ ಸಲ ಬರುವವರಿಗೆ ರೈಲಿನ ಖರ್ಚು ಕೊಡುವ ಪದ್ಧತಿಯುಂಟು. ‘ಆಟೋಗೂ ಕೊಡ್ತಾರಾ?’ ಎಂದು ಅಪ್ಪ ಕೇಳಿದರು. ಅಜ್ಜಿ ಕೋಡುಬಳೆ ಕಟ್ಟಿದರು, ಐದು ದಿನಕ್ಕೆ, ಐವತ್ತು ಜನಕ್ಕೆ ಆಗುವಷ್ಟು. ಇಡೀ ಬೀದಿ ಆಟೋದ ಹಿಂದೆ ಕೈ ಬೀಸಿತು. ಹೋದದ್ದು ಹತ್ತು ನಿಮಿಷದ ದಾರಿ.

ಮೊದಲ ದಿನವೇ ಒಂದು ಜರಡಿ ಇದೆ. ಬುದ್ಧಿಪರೀಕ್ಷೆ, ಆಮೇಲೆ ಒಂದು ಮಸುಕು ಚಿತ್ರ. ಮೂವತ್ತು ಸೆಕೆಂಡು ನೋಡಿ, ನಾಲ್ಕು ನಿಮಿಷದಲ್ಲಿ ಕಥೆ ಬರೆದು, ಗುಂಪಿನಲ್ಲಿ ಚರ್ಚಿಸಬೇಕು. ಮಧ್ಯಾಹ್ನ ಎದೆಯ ಮೇಲಿನ ನಂಬರುಗಳನ್ನು ಕೂಗುತ್ತಾರೆ. ಕೂಗದ ನಂಬರುಗಳೆಲ್ಲ ‘ಸ್ಕ್ರೀನ್ಡ್ ಔಟ್’. ಇವನ ನಂಬರು ಕೂಗಲಿಲ್ಲ.

ಇಲ್ಲಿ ನನಗೆ ಪಟ್ನಾದ ಹುಡುಗರ ಮೇಲೆ ಅಸೂಯೆ. ಸೋತವರು ಅರಮನೆ ನೋಡಿ, ಬೆಟ್ಟ ಹತ್ತಿ, ಮೈಸೂರು ಪಾಕ್ ಕಟ್ಟಿಸಿಕೊಂಡು, ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಕೂತು ಊರಲ್ಲಿ ಏನು ಹೇಳಬೇಕೆಂದು ನೆಮ್ಮದಿಯಾಗಿ ಯೋಚಿಸುತ್ತಾರೆ. ನಾಗಪುರ ಬರುವ ಹೊತ್ತಿಗೆ ಸೋಲಿಗೆ ಒಂದು ಗಾಂಭೀರ್ಯ ಬಂದಿರುತ್ತದೆ. ನಮ್ಮವನಿಗೆ ಸಿಕ್ಕಿದ್ದು ಹತ್ತು ನಿಮಿಷ, ಅದರಲ್ಲಿ ಒಂದು ಸಿಗ್ನಲ್. ಅಜ್ಜಿಯ ಮಧ್ಯಾಹ್ನದ ನಿದ್ದೆಯೂ ಮುಗಿದಿರಲಿಲ್ಲ. ಬೀದಿಯಲ್ಲಿ ಬೆಳಿಗ್ಗೆ ಕೈ ಬೀಸಿದವರೇ ಜಗಲಿಯಲ್ಲಿ ಅದೇ ಭಂಗಿಯಲ್ಲಿ ಕೂತಿದ್ದರು. ಆಟೋ ನಿಂತಿತು. ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಅವನೇ ಇಳಿದು, ಬೆನ್ನು ನೆಟ್ಟಗೆ ಮಾಡಿ, ‘ಗುಡ್ ಆಫ್ಟರ್‌ನೂನ್ ಅಂಕಲ್. ಕೋಡುಬಳೆ ತಗೊಳ್ಳಿ’ ಎಂದು ಡಬ್ಬಿ ತೆರೆದ. ಆ ಕ್ಷಣದಲ್ಲಿ ಹದಿನೈದರಲ್ಲಿ ಯಾವ ಗುಣವಿತ್ತೋ ನನಗೆ ತಿಳಿಯದು. ಕೋಡುಬಳೆ ಮಾತ್ರ ಗರಿಗರಿಯಾಗಿತ್ತು.

ವಾರ ಕಳೆಯುವುದರೊಳಗೆ ಗಂಟೆ ಮತ್ತೆ ಕೇಳಿಸಿತು. ಈ ಸಲ ಅಭ್ಯಾಸ ಮಸುಕು ಚಿತ್ರಗಳದ್ದು, ಎದುರಾಳಿಗಳು ನಾವು. ಜೆರಾಕ್ಸ್ ಅಂಗಡಿಯಲ್ಲಿ ಇಂಕು ಮುಗಿಯುವ ಹಂತದ ಯಂತ್ರ ಹುಡುಕಿ ಮಾಡಿಸಿದ ಚಿತ್ರವೊಂದನ್ನು ನನ್ನ ಮುಂದೆ ಹಿಡಿದು ವಾಚು ನೋಡಿದ. ಒಬ್ಬ ಕೂತಂತಿತ್ತು, ಇನ್ನೊಬ್ಬ ನಿಂತಂತಿತ್ತು, ಹಿಂದೆ ಮರವೋ ಹೊಗೆಯೋ. ನಾಲ್ಕು ನಿಮಿಷದಲ್ಲಿ ಬರೆದುಕೊಟ್ಟೆ. ಓದಿದ. ಹುಬ್ಬು ಗಂಟಿಕ್ಕಿತು.

‘ಅಂಕಲ್, ಇದರಲ್ಲಿ ಸಮಸ್ಯೆ ಎಲ್ಲಿದೆ?’

‘ಇಲ್ಲವಲ್ಲ. ಮಗ ಊರಿಂದ ಬಂದ, ಅಪ್ಪ ಜಗಲಿಯಲ್ಲಿ ಕೂತಿದ್ದ, ಇಬ್ಬರೂ ಕಾಫಿ ಕುಡಿದರು.’

‘ಹೀರೋ ಆಮೇಲೆ ಏನು ಮಾಡಿದ?’

‘ಇನ್ನೊಂದು ಲೋಟ ಕುಡಿದ.’

‘ಮುಂದಿನ ಯೋಜನೆ?’

‘ಮಳೆ ಬರೋ ಹಾಗಿದೆಯಲ್ಲ, ಒಳಗೆ ಹೋಗಿ ಮಲಗ್ತಾನೆ.’

ಅವನು ಕಾಗದವನ್ನು ನೀಟಾಗಿ ಮಡಚಿದ. ನನ್ನನ್ನು ತಲೆಯಿಂದ ಕಾಲಿನವರೆಗೆ, ವಿಶೇಷವಾಗಿ ಕಾಲನ್ನು, ಒಮ್ಮೆ ಅಳೆದ.

‘ಫ್ಲೈಯಿಂಗ್ ಆಗಲ್ಲ ಅಂಕಲ್,’ ಎಂದ. ‘ಗ್ರೌಂಡ್ ಡ್ಯೂಟಿಗೆ ನೋಡಬಹುದು.’